ಹಳೆಯ ಕಾರು, ಹೊಸ ವ್ಯಾಜ್ಯ

ಮೈಸೂರಿನಲ್ಲಿ ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರೊಬ್ಬರು 2022ರಲ್ಲಿ ಎಂಟು ವರ್ಷ ಓಡಿದ್ದ ಕಾರೊಂದನ್ನು ಕೊಂಡರು. ವಿಲಾಸಕ್ಕಾಗಿ ಕೊಂಡದ್ದಲ್ಲ. ಕಾಯಿಲೆಯ ಮಡದಿಯನ್ನು ವಾರಕ್ಕೆರಡು ಬಾರಿ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಆಟೋದ ಕುಲುಕಾಟವನ್ನು ಆಕೆಯ ದೇಹ ತಾಳಲಾರದಾಗಿತ್ತು. ಹಳೆಯ ಕಾರುಗಳ ವ್ಯಾಪಾರಿಗೆ ಇದನ್ನೆಲ್ಲ ವಿವರಿಸಿಯೇ ಅವರು ಹಣ ಕೊಟ್ಟರು. ಎಂಜಿನ್ನಿಗೆ ಆರು ತಿಂಗಳ ವಾರಂಟಿ ಎಂದು ಆತ ಹಾಳೆಯೊಂದನ್ನು ಬರೆದುಕೊಟ್ಟ. ಐದನೆಯ ವಾರದಲ್ಲಿ, ಆಸ್ಪತ್ರೆಯ ದಾರಿಯಲ್ಲೇ, ಎಂಜಿನ್ ಕಾದು ಹಬೆಯೆದ್ದು ಕಾರು ನಿಂತಿತು. ಹತ್ತಿರದ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಸುಟ್ಟುಹೋದ ಗ್ಯಾಸ್ಕೆಟ್ಟನ್ನು ಬದಲಿಸಿ, 28,000 ರೂಪಾಯಿಯ ಬಿಲ್ಲು ಕೊಟ್ಟ.

ಬಿಲ್ಲು ಹಿಡಿದು ಹೋದ ಮೇಷ್ಟ್ರಿಗೆ ವ್ಯಾಪಾರಿ ಹೇಳಿದ್ದು ಇಷ್ಟು: "ಗ್ಯಾಸ್ಕೆಟ್ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ. ನೀವು ನೀರಿಲ್ಲದೆ ಓಡಿಸಿದ್ದೀರಿ. ಹೊರಗಿನವರು ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿ ಎಲ್ಲಿಯದು?"

ಇಂಥ ವ್ಯಾಜ್ಯಗಳು ಹಳೆಯ ಕಾರಿಗೇ ಏಕೆ ಅಂಟಿಕೊಳ್ಳುತ್ತವೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣೆಂದು ಹೆಸರು. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಅನುಮಾನದಿಂದ ನೋಡಿ ಬೆಲೆ ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಪ್ಪದೆ ಹಿಂದೆಗೆಯುತ್ತಾನೆ. ಸಂತೆಯಲ್ಲಿ ಕೆಟ್ಟವೇ ಹೆಚ್ಚಾಗಿ ಉಳಿಯುತ್ತವೆ. ಅಕೆರ್ಲಾಫರು 2001ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ವಾರಂಟಿ ಎಂಬುದು ಈ ಅನುಮಾನಕ್ಕೆ ಕಟ್ಟಿದ ಸೇತುವೆ. ಸೇತುವೆಯ ಬಲವೆಲ್ಲ ಅದರಲ್ಲಿ ಬರೆದ ಮಾತುಗಳಲ್ಲಿದೆ.

ಕೊಳ್ಳುವವನೇ ಎಚ್ಚರದಿಂದಿರಲಿ ಎಂಬುದು ಹಳೆಯ ನ್ಯಾಯ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ಮೂಲಧೋರಣೆಯೂ ಅದೇ. ಆದರೆ ಆ ಕಲಮು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಅಂಥ ಸರಕಿನ ವ್ಯಾಪಾರ ಮಾಡುವವನಿಗೆ ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅವನ ಅನುಭವವನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕಂತಿರಬೇಕು. ನೀವೇ ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾತ್ರ ಮುಂದೆ ದೂರುವಂತಿಲ್ಲ. ಸವೆದ ಟೈರು ಕಣ್ಣಿಗೆ ಬೀಳುತ್ತದೆ. ಎಂಜಿನ್ನಿನ ಒಳಗಿನ ಬಿರುಕು ಬೀಳುವುದಿಲ್ಲ. ಇನ್ನು, 'ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ' ಎಂಬ ಒಕ್ಕಣೆ ಮಾರುವವನಿಗೆ ಒಂದು ಗುರಾಣಿಯೇ ಸರಿ. ಆದರೆ ಓಡೋಮೀಟರನ್ನು ಹಿಂದೆ ತಿರುಗಿಸಿ ವಂಚಿಸಿದವನಿಗೆ ಆ ಗುರಾಣಿ ಒದಗದು. 1872ರ ಕರಾರು ಕಾಯ್ದೆಯಂತೆ, ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವನು ರದ್ದುಪಡಿಸಬಹುದು.

ವಾಹನ ಕೆಟ್ಟಾಗ ಮೊದಲು ಮಾಡಬೇಕಾದದ್ದೇನು? ರಿಪೇರಿಯಲ್ಲ, ದಾಖಲೆ. ಕಾರನ್ನು ಅಲ್ಲೇ ನಿಲ್ಲಿಸಿ, ಚಿತ್ರ ತೆಗೆದು, ಓಡಿದ ಕಿಲೋಮೀಟರನ್ನು ಗುರುತಿಸಿ, ಮಾರಿದವನಿಗೆ ಅಂದೇ ಬರಹದಲ್ಲಿ ತಿಳಿಸಬೇಕು. ಪರೀಕ್ಷಿಸಲು ಅವನಿಗೊಂದು ಅವಕಾಶ ಕೊಡಬೇಕು. ಅವನು ಬಾರದಿದ್ದರೆ ನುರಿತ ಮೆಕ್ಯಾನಿಕ್ಕಿನಿಂದ ದೋಷವೇನು, ಅದರ ಕಾರಣವೇನು ಎಂಬ ವರದಿಯನ್ನು ಬರೆಸಿಕೊಂಡು, ಆಮೇಲೆ ಬಿಚ್ಚಿಸಬೇಕು. ತೆಗೆದ ಹಳೆಯ ಭಾಗವನ್ನು ಎಸೆಯಲು ಬಿಡಬಾರದು. ನಾಳೆ ನಿಮ್ಮ ಪರವಾಗಿ ಮಾತನಾಡುವ ಸಾಕ್ಷಿ ಅದೇ. ವಾರಂಟಿಯ ಹಾಳೆಯಲ್ಲಿ ಯಾವ ಭಾಗ ಸೇರಿದೆ, ಯಾವುದು ಬಿಟ್ಟಿದೆ, ಎಲ್ಲಿ ರಿಪೇರಿ ಮಾಡಿಸಬೇಕೆಂದಿದೆ ಎಂಬುದನ್ನು ಆಗಲೇ ಓದಬೇಕು. ಕೊಳ್ಳುವ ದಿನವೇ ಓದಿದ್ದರೆ ಇನ್ನೂ ಒಳ್ಳೆಯದು.

ವ್ಯಾಪಾರಿ ಒಪ್ಪದಿದ್ದರೆ ನೋಟೀಸು ಕಳುಹಿಸಬಹುದು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರವಾಣಿ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಊರಿನ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ಬಾಗಿಲು ತಟ್ಟಬೇಕು. ಇನ್ನೊಂದು ಮಾತು: ಈ ಕಾಯ್ದೆ ವ್ಯಾಪಾರ ನಡೆಸುವವರನ್ನು ಉದ್ದೇಶಿಸಿದ್ದು. ತನ್ನ ಸ್ವಂತ ಕಾರನ್ನು ಮಾರಿದ ಪಕ್ಕದ ಬೀದಿಯ ಗೃಹಸ್ಥನ ಮೇಲೆ ದೂರಿದ್ದರೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ನಮ್ಮ ಮೇಷ್ಟ್ರು ಆಯೋಗಕ್ಕೆ ಹೋದರು. ಉಭಯರ ಒಪ್ಪಿಗೆಯಿಂದ ವಿಷಯ ಮಧ್ಯಸ್ಥಿಕೆಗೆ ಬಂತು. ಕೊಳ್ಳುವ ಮುನ್ನ ಅವರು ವ್ಯಾಪಾರಿಗೆ ಕಳುಹಿಸಿದ್ದ ಸಂದೇಶವೊಂದು ಮೊಬೈಲಿನಲ್ಲಿ ಉಳಿದಿತ್ತು: "ಆಸ್ಪತ್ರೆಗೆ ಓಡಾಡಲು ಬೇಕು, ದಾರಿಯಲ್ಲಿ ನಿಲ್ಲಬಾರದು." ಆ ಎರಡು ಸಾಲು ಅವರ ಕೈಹಿಡಿದವು. ಆದರೆ ಸುಟ್ಟ ಗ್ಯಾಸ್ಕೆಟ್ಟನ್ನು ಮೆಕ್ಯಾನಿಕ್ ಎಂದೋ ಗುಜರಿಗೆ ಹಾಕಿದ್ದ. ದೋಷ ಮೊದಲಿನದೋ, ನೀರಿಲ್ಲದೆ ಓಡಿಸಿದ್ದರಿಂದ ಆದದ್ದೋ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ವಸ್ತು ಅದೊಂದೇ. 14,000 ರೂಪಾಯಿಗೆ ರಾಜಿಯಾಯಿತು.

"ಬರೆದಿಟ್ಟದ್ದು ಅರ್ಧ ಕೊಡಿಸಿತು, ಎಸೆದದ್ದು ಅರ್ಧ ಕಳೆಯಿತು" ಎಂದರು ಮೇಷ್ಟ್ರು. ಕಾರು ಈಗಲೂ ವಾರಕ್ಕೆರಡು ಬಾರಿ ಬೆಳಗಿನ ಜಾವ ನಮ್ಮ ಬೀದಿಯಿಂದ ಹೊರಡುತ್ತದೆ. ಹೊರಡುವ ಮುನ್ನ ಅವರು ಬಾನೆಟ್ ಎತ್ತಿ ನೀರಿನ ಮಟ್ಟ ನೋಡಿ, ಸಣ್ಣ ಪುಸ್ತಕವೊಂದರಲ್ಲಿ ಅಂದಿನ ತಾರೀಖನ್ನು ಬರೆದುಕೊಳ್ಳುತ್ತಾರೆ.