ಬಿತ್ತನೆ ಬೀಜದ ತಳಿಶುದ್ಧತೆ ಪರೀಕ್ಷೆ: ಜೆಲ್ ಸಿದ್ಧಪಡಿಸುವ ವಿಧಾನ

ತಳಿಶುದ್ಧತೆಯನ್ನು ಹೊಲದಲ್ಲಿ ಬೆಳೆಸಿ ಪರಿಶೀಲಿಸಲು ಒಂದು ಹಂಗಾಮೇ ಬೇಕಾಗುತ್ತದೆ. ಬೀಜದ ಪ್ರೋಟೀನ್ ಅಥವಾ ಡಿಎನ್‌ಎಯನ್ನು ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿ ಬೇರ್ಪಡಿಸಿ, ಮೂಲ ತಳಿಯ ಪಟ್ಟಿಗಳೊಂದಿಗೆ ಹೋಲಿಸಿದಲ್ಲಿ ಬೆರಕೆಯು ಬಿತ್ತನೆಗೆ ಮುನ್ನವೇ ಪತ್ತೆಯಾಗಬಲ್ಲದು.

ಅಕ್ರಿಲಮೈಡ್ ಹಾಗೂ ಬಿಸ್‌ಅಕ್ರಿಲಮೈಡ್ ದ್ರಾವಣಕ್ಕೆ ಬಫರ್ ಬೆರೆಸಿ, ಕೊನೆಯಲ್ಲಿ ಅಮೋನಿಯಂ ಪರ್‌ಸಲ್ಫೇಟ್ ಮತ್ತು ಟೆಮೆಡ್ ಸೇರಿಸಿ, ತಡಮಾಡದೆ ಎರಡು ಗಾಜಿನ ಫಲಕಗಳ ನಡುವೆ ಸುರಿಯಲಾಗುತ್ತದೆ. ಗಾಳಿಯಲ್ಲಿನ ಆಮ್ಲಜನಕವು ಜೆಲ್ ಗಟ್ಟಿಯಾಗುವುದನ್ನು ತಡೆಯುವುದರಿಂದ ಅದರ ಮೇಲೆ ನೀರಿನ ತೆಳುಪದರವನ್ನು ಹಾಕತಕ್ಕದ್ದು. ಅಕ್ರಿಲಮೈಡ್ ಪ್ರಮಾಣ ಹೆಚ್ಚಿದಂತೆ ಜೆಲ್‌ನ ರಂಧ್ರಗಳು ಕಿರಿದಾಗುತ್ತವೆ. ಪೂರ್ಣ ಗಟ್ಟಿಯಾಗುವ ಮೊದಲೇ ಬಳಸಿದಲ್ಲಿ ಪಟ್ಟಿಗಳು ವಕ್ರಗೊಂಡು ಫಲಿತಾಂಶವೇ ಸಂದೇಹಾಸ್ಪದವಾಗುತ್ತದೆ. ಆದ್ದರಿಂದ ಸಿಬ್ಬಂದಿಯನ್ನು ಅವಸರಪಡಿಸಬಾರದೆಂದು ಅರ್ಜಿದಾರರಲ್ಲಿ ಕೋರಿದೆ.

ಅಕ್ರಿಲಮೈಡ್ ದ್ರಾವಣವು ನೋಡಲು ನೀರಿನಂತಿದ್ದರೂ ನರಮಂಡಲಕ್ಕೆ ವಿಷಕಾರಿಯಾಗಿದ್ದು, ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಗಟ್ಟಿಯಾದ ಜೆಲ್‌ನಲ್ಲಿಯೂ ಅದರ ಅಲ್ಪಾಂಶ ಉಳಿದಿರುವುದರಿಂದ ಕೈಗವಸು ಕಡ್ಡಾಯ.