ಯೋಜನೆಗಳ ರೂಪಣೆಯಲ್ಲಿ ವಿಕಲಚೇತನ ಯುವಜನರ ಪಾತ್ರ

2006ರ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. ಅದರ 4ನೇ ಅನುಚ್ಛೇದದನ್ವಯ, ವಿಕಲಚೇತನರಿಗೆ ಸಂಬಂಧಿಸಿದ ಕಾನೂನು ಹಾಗೂ ನೀತಿಗಳನ್ನು ರೂಪಿಸುವಾಗ ಮಕ್ಕಳೂ ಸೇರಿದಂತೆ ವಿಕಲಚೇತನರೊಡನೆ, ಅವರ ಪ್ರಾತಿನಿಧಿಕ ಸಂಘಟನೆಗಳ ಮೂಲಕ ಸಮಾಲೋಚಿಸತಕ್ಕದ್ದು.

ಈ ಸಮಾಲೋಚನೆ ಯಾವ ಹಂತದಲ್ಲಿ ನಡೆಯುತ್ತದೆ ಎಂಬುದು ಮುಖ್ಯ. ಕಾಲೇಜೊಂದರ ಇಳಿಜಾರು ದಾರಿಯನ್ನೇ ಗಮನಿಸಬಹುದು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕೆಂಬುದು ಮಾನದಂಡ. ನಕ್ಷೆ ಸಿದ್ಧವಾಗುವ ಮುನ್ನವೇ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಯನ್ನು ಕೇಳಿದಲ್ಲಿ, ಮೇಲೆ ತಲುಪಿದ ನಂತರ ಕುರ್ಚಿ ತಿರುಗಿಸಲು ಸ್ಥಳವಿದೆಯೇ, ಶೌಚಾಲಯದ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬ ವಿಷಯಗಳೂ ಗಮನಕ್ಕೆ ಬರುತ್ತವೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಕೇಳಿದರೆ ದೊರೆಯುವುದು ದೂರು ಮಾತ್ರ. ಸಂಜ್ಞಾ ಭಾಷೆಯ ಅನುವಾದಕರಿಲ್ಲದ ಸಭೆಗೆ ಶ್ರವಣದೋಷವುಳ್ಳ ಯುವಕರನ್ನು ಆಹ್ವಾನಿಸುವುದೂ ಹೆಸರಿಗಷ್ಟೇ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 66ನೇ ಪ್ರಕರಣದ ಮೇರೆಗೆ ರಚಿಸಲಾಗುವ ರಾಜ್ಯ ಸಲಹಾ ಮಂಡಳಿಯಲ್ಲಿ ಸಂಘಸಂಸ್ಥೆಗಳ ಪ್ರತಿನಿಧಿಗಳು ಸಾಧ್ಯವಾದಷ್ಟು ಮಟ್ಟಿಗೆ ವಿಕಲಚೇತನರೇ ಆಗಿರಬೇಕು. ಅವರಲ್ಲಿ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಸ್ಥಾನವನ್ನು ನಿಗದಿಪಡಿಸಲಾಗಿದೆ, ಯುವಜನರಿಗೆ ನಿಗದಿಪಡಿಸಿಲ್ಲ. ಆದುದರಿಂದ ಸಂಘಗಳು ಹೆಸರುಗಳನ್ನು ಸೂಚಿಸುವಾಗಲೇ ಕಿರಿಯರನ್ನು ಪರಿಗಣಿಸುವುದು ಅವಶ್ಯ. ಕರ್ನಾಟಕದ ಗ್ರಾಮಗಳಲ್ಲಿನ ಯುವಜನರು ತಮ್ಮ ಬೇಡಿಕೆಗಳನ್ನು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಗ್ರಾಮಸಭೆಯ ಮುಂದಿಡಬಹುದು.