ಬೆಸುಗೆಯ ಕೌಶಲ

ರೇಡಿಯೊ, ದೂರದರ್ಶನ, ಗಣಕಯಂತ್ರ, ಮೊಬೈಲ್ ದೂರವಾಣಿ ಇವುಗಳಲ್ಲಿ ಯಾವುದರ ಹೊದಿಕೆಯನ್ನು ತೆಗೆದು ನೋಡಿದರೂ ಒಳಗೆ ತೆಳುವಾದ ಫಲಕವೊಂದು ಕಾಣುತ್ತದೆ. ಅದರ ಮೇಲೆ ಸಣ್ಣಪುಟ್ಟ ಬಿಡಿಭಾಗಗಳು ಸಾಲಾಗಿ ನೆಲೆಗೊಂಡಿರುತ್ತವೆ. ಅವುಗಳನ್ನು ಫಲಕಕ್ಕೆ ಬಂಧಿಸಿ, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಹರಿಯುವಂತೆ ಮಾಡುವುದೇ ಬೆಸುಗೆ. ಬಿಡಿಭಾಗಗಳು ಎಷ್ಟೇ ಉತ್ತಮವಾಗಿರಲಿ, ಬೆಸುಗೆ ಕೆಟ್ಟರೆ ಉಪಕರಣವೇ ಕೆಟ್ಟಂತೆ.

ಬೆಂಗಳೂರಿಗೂ ಈ ಕೌಶಲಕ್ಕೂ ನಿಕಟವಾದ ಸಂಬಂಧವುಂಟು. ಹಲಸೂರಿನಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಕೃಷ್ಣರಾಜಪುರದ ಬಳಿ ದೂರವಾಣಿನಗರವಿದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಲೇ ಆ ಸ್ಥಳಕ್ಕೆ ಈ ಹೆಸರು ಬಂದಿತು. ದೇಶದ ಊರೂರಿಗೆ ದೂರವಾಣಿಗಳನ್ನೂ ವಿನಿಮಯ ಕೇಂದ್ರದ ಯಂತ್ರಗಳನ್ನೂ ಒದಗಿಸಿದ ಕಾರ್ಖಾನೆ ಅದು. ಒಂದು ವಿನಿಮಯ ಕೇಂದ್ರದಲ್ಲಿ ಸಾವಿರಾರು ಬೆಸುಗೆಗಳಿರುತ್ತವೆ. ಅವುಗಳಲ್ಲಿ ಒಂದು ಬಿಟ್ಟುಹೋದರೂ, ದೂರದ ಊರಿನಲ್ಲಿ ವೈದ್ಯರನ್ನು ಕರೆಯಲು ಹವಣಿಸುವವರ ದೂರವಾಣಿ ಮೂಕವಾಗಬಹುದು. ಆದುದರಿಂದ ಬೆಸುಗೆ ಹಾಕುವವರ ಕೈಯಲ್ಲಿ ಕಾಣದವರ ಹಿತವೂ ಅಡಗಿರುತ್ತದೆ.

ಈ ಕೌಶಲದ ಮೊದಲ ಪಾಠವನ್ನು ಮನೆಯಲ್ಲಿಯೇ ಕಲಿಯಬಹುದು. ಎರಡು ಕೆಂಪು ಎಲ್.ಇ.ಡಿ. ದೀಪಗಳು ಸರದಿಯಂತೆ ಬೆಳಗುವ ಮಂಡಲವೊಂದನ್ನು ತೆಗೆದುಕೊಳ್ಳೋಣ. ದೀಪಗಳ ಜೊತೆಗೆ ಇದಕ್ಕೆ ಬೇಕಾದುವು ಎರಡು ಟ್ರಾನ್ಸಿಸ್ಟರುಗಳು, 470 ಓಮ್‌ನ ಎರಡು ಹಾಗೂ 47,000 ಓಮ್‌ನ ಎರಡು ರೋಧಕಗಳು, 22 ಮೈಕ್ರೊಫ್ಯಾರಡ್‌ನ ಎರಡು ಧಾರಕಗಳು, ಇವುಗಳಿಗೆಂದೇ ತಾಮ್ರದ ಗೆರೆಗಳನ್ನು ಮೂಡಿಸಿದ ಫಲಕ ಮತ್ತು 6 ವೋಲ್ಟ್ ಒದಗಿಸುವ ನಾಲ್ಕು ಬ್ಯಾಟರಿ ಸೆಲ್ಲುಗಳು. ಒಂದು ಟ್ರಾನ್ಸಿಸ್ಟರು ವಿದ್ಯುತ್ತನ್ನು ಹರಿಯಗೊಟ್ಟಾಗ ಇನ್ನೊಂದು ತಡೆಯುತ್ತದೆ. ಧಾರಕಗಳು ವಿದ್ಯುದಂಶವನ್ನು ತುಂಬಿಕೊಂಡು ಬಿಟ್ಟುಕೊಡುವಂತೆ ಅವು ಸುಮಾರು ಅರ್ಧ ಸೆಕೆಂಡಿಗೊಮ್ಮೆ ಸರದಿಯನ್ನು ಬದಲಿಸುತ್ತವೆ.

ಮೊದಲು ಬಿಡಿಭಾಗಗಳ ದಿಕ್ಕನ್ನು ಗಮನಿಸಬೇಕು. ಎಲ್.ಇ.ಡಿ.ಯ ಉದ್ದನೆಯ ಕಾಲು ಧನ ತುದಿ; ಧಾರಕದ ಮೈಮೇಲಿನ ಪಟ್ಟೆ ಋಣ ತುದಿಯನ್ನು ಸೂಚಿಸುತ್ತದೆ. ಕಾಲುಗಳನ್ನು ಫಲಕದ ರಂಧ್ರಗಳಲ್ಲಿ ತೂರಿಸಿ, ಕೆಳಗಿನ ತಾಮ್ರದ ಬಿಲ್ಲೆಗಳಿಗೆ ಬೆಸೆಯಬೇಕು.

ತವರ 63 ಭಾಗ, ಸೀಸ 37 ಭಾಗ ಬೆರೆತ ಬೆಸುಗೆತಂತಿಯು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಂತಿಯ ಒಡಲಿನಲ್ಲಿರುವ ರಾಳವು ಲೋಹದ ಮೇಲಿನ ಆಕ್ಸೈಡ್ ಪದರವನ್ನು ತೊಡೆದುಹಾಕುತ್ತದೆ. ಬೆಸುಗೆಯನ್ನು ಸಾಲ್ಡರಿಂಗ್ ಐರನ್ನಿನ ತುದಿಯಲ್ಲಿ ಕರಗಿಸಿ ಅಂಟಿಸುವುದು ಸರಿಯಲ್ಲ. ತುದಿಯನ್ನು ಕಾಲಿಗೂ ಬಿಲ್ಲೆಗೂ ಒಟ್ಟಿಗೆ ತಾಗಿಸಿ, ಎರಡು ಮೂರು ಸೆಕೆಂಡು ಕಾಯಿಸಿ, ಕಾದ ಲೋಹಕ್ಕೆ ತಂತಿಯನ್ನು ಮುಟ್ಟಿಸಬೇಕು. ಬೆಸುಗೆ ಕರಗಿ ಹರಡಿದೊಡನೆ ಮೊದಲು ತಂತಿಯನ್ನು, ಅನಂತರ ಐರನ್ನನ್ನು ತೆಗೆಯಬೇಕು. ಅದು ಗಟ್ಟಿಯಾಗುವವರೆಗೆ ಕೈ ಅಲುಗಬಾರದು.

ಹೀಗೇಕೆ? ಕಾದ ತಾಮ್ರದೊಡನೆ ಬೆಸುಗೆಯ ತವರವು ಕೂಡಿ ತೆಳುವಾದ ಮಿಶ್ರಪದರವಾಗುತ್ತದೆ. ತಣ್ಣಗಿನ ತಾಮ್ರದ ಮೇಲಾದರೋ ಬೆಸುಗೆಯು ತಾವರೆಯೆಲೆಯ ಮೇಲಿನ ನೀರಿನಂತೆ ಹನಿಯಾಗಿ ನಿಲ್ಲುತ್ತದೆ. ನೋಟಕ್ಕೆ ಅಂಟಿದಂತಿದ್ದರೂ ಒಳಗೆ ಕೂಡಿರುವುದಿಲ್ಲ. ದುರಸ್ತಿ ಮಾಡುವವರು ಇದನ್ನು ಡ್ರೈ ಸಾಲ್ಡರ್ ಎನ್ನುತ್ತಾರೆ. ತಟ್ಟಿದಾಗ ಹಾಡಿ ಮತ್ತೆ ಸುಮ್ಮನಾಗುವ ರೇಡಿಯೊದಲ್ಲಿ ಅನೇಕ ವೇಳೆ ಇರುವ ದೋಷ ಇದೇ. ಒಳ್ಳೆಯ ಬೆಸುಗೆ ಹೊಳಪುಳ್ಳದ್ದಾಗಿ, ಬಿಲ್ಲೆಯಿಂದ ಕಾಲಿನವರೆಗೆ ಇಳಿಜಾರಾಗಿರುತ್ತದೆ.

ಈ ಕೆಲಸದಲ್ಲಿ ಎಚ್ಚರಿಕೆ ಅಗತ್ಯ. ಐರನ್ನಿನ ತುದಿಯ ಕಾವು 300 ಡಿಗ್ರಿಯನ್ನೂ ಮೀರುತ್ತದೆ. ಸೀಸವು ವಿಷ, ರಾಳದ ಹೊಗೆ ಶ್ವಾಸಕೋಶಕ್ಕೆ ಹಾನಿಕರ. ಹಿರಿಯರ ಸಮಕ್ಷಮದಲ್ಲಿ, ಗಾಳಿಯಾಡುವ ಸ್ಥಳದಲ್ಲಿ, ಕಣ್ಣಿಗೆ ಕನ್ನಡಕ ಧರಿಸಿ ಕುಳಿತುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಇಂದು ದೊಡ್ಡ ಕಾರ್ಖಾನೆಗಳಲ್ಲಿ ಬಹುಪಾಲು ಬೆಸುಗೆಯನ್ನು ಯಂತ್ರಗಳೇ ಹಾಕುತ್ತವೆ. ಸೀಸವಿಲ್ಲದ ಬೆಸುಗೆಯೂ ಬಳಕೆಗೆ ಬಂದಿದೆ. ಆದರೂ ಪ್ರಯೋಗಕ್ಕೂ ದುರಸ್ತಿಗೂ ನುರಿತ ಕೈ ಬೇಕೇ ಬೇಕು. ನಮ್ಮ ಈ ಪುಟ್ಟ ಮಂಡಲದಲ್ಲಿ ಬ್ಯಾಟರಿಯ ಎರಡು ತಂತಿಗಳೂ ಸೇರಿ 24 ಬೆಸುಗೆಗಳಿವೆ. ಇಪ್ಪತ್ತಮೂರು ಸರಿಯಾಗಿದ್ದು ಒಂದು ತಪ್ಪಿದರೂ ದೀಪಗಳು ಸರದಿಯಂತೆ ಬೆಳಗಲಾರವು. ಪ್ರತಿಯೊಂದು ಬೆಸುಗೆಯನ್ನೂ ಅದೇ ಮುಖ್ಯವಾದುದೆಂದು ಭಾವಿಸಿ ಹಾಕುವ ತಾಳ್ಮೆಯನ್ನು ಈ ಚಿಕ್ಕ ಫಲಕವು ನಮಗೆ ಕಲಿಸುತ್ತದೆ.